ಜನಸಂಖ್ಯೆ, ಧರ್ಮ ಮತ್ತು ಉನ್ನತ ಶಿಕ್ಷಣ: ವಸಾಹತುಕಾಲದ ಕನ್ನಡ ನಾಡಿನಲ್ಲಿ ಕ್ರೈಸ್ತ ಕಾಲೇಜುಗಳ ಉಗಮ

1901ರ ಜನಗಣತಿಯಂತೆ ಮೈಸೂರು ಸಂಸ್ಥಾನದ ಒಟ್ಟು ಜನಸಂಖ್ಯೆ 55,39,399. ಅವರಲ್ಲಿ ಕ್ರೈಸ್ತರು ಸುಮಾರು 50,000. ಎಂದರೆ ನೂರಕ್ಕೆ ಒಬ್ಬರಿಗಿಂತಲೂ ಕಡಮೆ. ಬೆಂಗಳೂರಿನ ದಂಡುಪ್ರದೇಶದಲ್ಲಿದ್ದ ಐರೋಪ್ಯರನ್ನೂ ಆಂಗ್ಲೋ-ಇಂಡಿಯನ್ನರನ್ನೂ ತಮಿಳು ಕ್ರೈಸ್ತರನ್ನೂ ಕೂಡಿಸಿಯೇ ಈ ಲೆಕ್ಕ. ಅದೇ ವರ್ಷ, ಮದ್ರಾಸು ಆಧಿಪತ್ಯಕ್ಕೆ ಸೇರಿದ್ದ ಮತ್ತು ಕಾಸರಗೋಡನ್ನೂ ಒಳಗೊಂಡಿದ್ದ ದಕ್ಷಿಣ ಕನ್ನಡ ಜಿಲ್ಲೆಯ 11,34,713 ಜನರಲ್ಲಿ ಕ್ರೈಸ್ತರು 84,103. ನೂರಕ್ಕೆ ಏಳಕ್ಕಿಂತ ತುಸು ಹೆಚ್ಚು. ಇಷ್ಟು ಚಿಕ್ಕ ಸಮುದಾಯ ಅಷ್ಟರೊಳಗೆ ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಕಾಲೇಜನ್ನೂ ಬೆಂಗಳೂರಿನಲ್ಲಿ ಸಂತ ಜೋಸೆಫರ ಕಾಲೇಜನ್ನೂ ಎರಡು ದಶಕಗಳಿಂದ ನಡೆಸಿಕೊಂಡು ಬಂದಿತ್ತು.

ಈ ಸಂಗತಿಯನ್ನು ನಾವು ಸಾಮಾನ್ಯವಾಗಿ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಹೆಮ್ಮೆಪಡಲು ಕಾರಣಗಳೂ ಉಂಟು. ಆದರೆ ಇತಿಹಾಸದ ಅಧ್ಯಯನ ಹೆಮ್ಮೆಯಲ್ಲಿ ನಿಲ್ಲಬಾರದು. ಇಷ್ಟು ಕಿರಿದಾದ ಮಂದೆಗೆ ಕಾಲೇಜು ಏಕೆ ಬೇಕಾಯಿತು? ಅದು ಯಾರಿಗಾಗಿ ಹುಟ್ಟಿತು? ಆ ಮಂದೆಯಲ್ಲಿ ಯಾರು ಅದರ ಬಾಗಿಲನ್ನು ದಾಟಿದರು, ಯಾರು ಹೊರಗೆ ಉಳಿದರು? ಈ ಮೂರು ಪ್ರಶ್ನೆಗಳನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲು ಯತ್ನಿಸುತ್ತೇವೆ.

ಹೋಲಿಕೆಗೊಂದು ನಿದರ್ಶನ: ವಸಾಹತು ಅಮೆರಿಕ

ಜನಸಂಖ್ಯೆ, ಧರ್ಮ, ಉನ್ನತ ಶಿಕ್ಷಣ ಇವು ಮೂರೂ ಒಂದರೊಡನೊಂದು ಹೇಗೆ ಹೆಣೆದುಕೊಳ್ಳುತ್ತವೆ ಎಂಬುದಕ್ಕೆ ಉತ್ತರ ಅಮೆರಿಕದ ಬ್ರಿಟಿಷ್ ವಸಾಹತುಗಳು ಪ್ರಸಿದ್ಧ ಉದಾಹರಣೆ. 1636ರಲ್ಲಿ ಮ್ಯಾಸಚೂಸೆಟ್ಸ್‌ನ ಪ್ಯೂರಿಟನ್ನರು ಹಾರ್ವರ್ಡ್ ಕಾಲೇಜನ್ನು ಸ್ಥಾಪಿಸಿದಾಗ ಅಲ್ಲಿ ನೆಲೆಸಿದ್ದ ವಲಸಿಗರು ಕೆಲವೇ ಸಾವಿರ. ತಮ್ಮ ಹಿರಿಯ ಬೋಧಕರು ತೀರಿಹೋದ ಮೇಲೆ ವಿದ್ಯೆಯಿಲ್ಲದ ಬೋಧಕರ ಕೈಗೆ ಸಭೆ ಬಿದ್ದೀತೆಂಬ ಭಯ ಅವರನ್ನು ಕಾಡುತ್ತಿತ್ತು. ಆ ಕಾಲೇಜಿನ ಮೊದಲ ಶತಮಾನದ ಪದವೀಧರರಲ್ಲಿ ಸುಮಾರು ಅರ್ಧದಷ್ಟು ಜನ ಸಭಾಪಾಲಕರಾದರು. 1700ರ ಹೊತ್ತಿಗೆ ವಸಾಹತುಗಳ ಜನಸಂಖ್ಯೆ ಸುಮಾರು 2.5 ಲಕ್ಷ, 1775ರ ವೇಳೆಗೆ ಅದು 25 ಲಕ್ಷದಷ್ಟಾಯಿತು. ಜನ ಬೆಳೆದಂತೆ ಸಭೆಗಳು ಬೆಳೆದವು, ಸಭೆಗಳು ಒಡೆದಂತೆ ಕಾಲೇಜುಗಳು ಹೆಚ್ಚಿದವು. 1730-40ರ ದಶಕಗಳ ಧಾರ್ಮಿಕ ಪುನರುಜ್ಜೀವನದ ಬಳಿಕ ಪ್ರೆಸ್ಬಿಟೇರಿಯನ್ನರು 1746ರಲ್ಲಿ ಇಂದಿನ ಪ್ರಿನ್ಸ್‌ಟನ್ನನ್ನು, ಬ್ಯಾಪ್ಟಿಸ್ಟರು 1764ರಲ್ಲಿ ಇಂದಿನ ಬ್ರೌನನ್ನು, ಡಚ್ ಸುಧಾರಿತ ಸಭೆಯವರು 1766ರಲ್ಲಿ ಇಂದಿನ ರಟ್ಗರ್ಸನ್ನು ಕಟ್ಟಿಕೊಂಡರು. ಸ್ವಾತಂತ್ರ್ಯಕ್ಕೆ ಮುನ್ನ ಅಲ್ಲಿ ಒಟ್ಟು ಒಂಬತ್ತು ಕಾಲೇಜುಗಳಿದ್ದವು.

ಆ ನಾಡಿನ ಕಥೋಲಿಕರ ಸ್ಥಿತಿ ನಮ್ಮದಕ್ಕೆ ಸಮೀಪವಾದುದು. 1785ರಲ್ಲಿ ಜಾನ್ ಕ್ಯಾರಲ್ ರೋಮಿಗೆ ಕಳುಹಿಸಿದ ವರದಿಯಲ್ಲಿ ಅಲ್ಲಿನ ಕಥೋಲಿಕರ ಸಂಖ್ಯೆಯನ್ನು ಸುಮಾರು 25,000 ಎಂದು ಅಂದಾಜು ಮಾಡಿದ್ದರು. ಅದೂ ನೂರಕ್ಕೆ ಒಂದಕ್ಕಿಂತ ಕಡಮೆ. 1789ರಲ್ಲಿ ಜಾರ್ಜ್‌ಟೌನ್ ಕಾಲೇಜಿಗೆ ಅವರು ಅಡಿಪಾಯ ಹಾಕಿದರು. 1791ರಲ್ಲಿ ಫ್ರೆಂಚ್ ಗುರುಗಳು ಬಾಲ್ಟಿಮೋರಿನಲ್ಲಿ ಸಂತ ಮರಿಯಮ್ಮನವರ ಗುರುಮಠವನ್ನು ತೆರೆದರು. ಕಾಲೇಜು ಬೇರೆ, ಗುರುಮಠ ಬೇರೆ ಎಂಬ ಏರ್ಪಾಡು ಅಲ್ಲಿನ ಕಥೋಲಿಕರಲ್ಲಿ ಆರಂಭದಿಂದಲೇ ಇತ್ತು. ಕನ್ನಡ ನಾಡಿನಲ್ಲೂ ಹಾಗೆಯೇ ಆಯಿತು.

ಈ ಚರಿತ್ರೆಗೆ ಮತ್ತೊಂದು ಮುಖವಿದೆ. ಹಾರ್ವರ್ಡಿನಲ್ಲಿ 1650ರ ದಶಕದಲ್ಲಿ ಮೂಲನಿವಾಸಿ ತರುಣರಿಗಾಗಿ ಒಂದು ಕಟ್ಟಡ ಎದ್ದಿತು. 1665ರಲ್ಲಿ ಕೇಲೆಬ್ ಚೀಶಾಟೋಮಕ್ ಎಂಬ ಯುವಕ ಅಲ್ಲಿ ಪದವಿ ಪಡೆದನು. ಅವನ ಹಿಂದೆ ಬಂದವರು ತೀರ ವಿರಳ. ಮುಂದೆ ಮೊಹೀಗನ್ ಜನಾಂಗದ ಬೋಧಕ ಸ್ಯಾಮ್ಸನ್ ಆಕಮ್, ತನ್ನ ಜನರ ಶಿಕ್ಷಣಕ್ಕೆಂದು 1766ರಿಂದ 1768ರವರೆಗೆ ಬ್ರಿಟನ್ನಿನಲ್ಲೆಲ್ಲ ಸಂಚರಿಸಿ ಹನ್ನೆರಡು ಸಾವಿರ ಪೌಂಡುಗಳಷ್ಟು ಹಣ ಕೂಡಿಸಿದನು. ಆ ಹಣದ ಬಲದಿಂದ 1769ರಲ್ಲಿ ಡಾರ್ಟ್‌ಮತ್ ಕಾಲೇಜು ತಲೆಯೆತ್ತಿತು. ಆದರೆ ಅದು ಮುಖ್ಯವಾಗಿ ಬಿಳಿಯ ವಲಸಿಗರ ಮಕ್ಕಳ ಕಾಲೇಜಾಯಿತು. ಯಾರ ಹೆಸರಿನಲ್ಲಿ ದಾನ ಬಂದಿತೋ ಅವರು ಬಾಗಿಲ ಹೊರಗೆ ಉಳಿದರು. ಆಕಮನ ಈ ನಿರಾಶೆ ನಮ್ಮ ಚರಿತ್ರೆಯನ್ನು ಓದುವಾಗಲೂ ನೆನಪಿನಲ್ಲಿರಬೇಕು.

ಮೈಸೂರು: ಹೊಲದ ಸಭೆ

ಮೈಸೂರು ಸೀಮೆಯ ಕಥೋಲಿಕ ಸಭೆ ಮೂಲತಃ ಹಳ್ಳಿಗಳ ಸಭೆ. 17ನೆಯ ಶತಮಾನದ ಮಧ್ಯಭಾಗದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಯೇಸುಸಭೆಯ ಲಿಯೊನಾರ್ಡೊ ಚಿನ್ನಮಿ ಕನ್ನಡವನ್ನು ಕಲಿತು, ಕನ್ನಡದಲ್ಲೇ ಧರ್ಮೋಪದೇಶ ಗ್ರಂಥಗಳನ್ನು ರಚಿಸಿದರು. 1799ರಲ್ಲಿ ಟಿಪ್ಪುವಿನ ಪತನವಾದ ಮೇಲೆ ಇಲ್ಲಿಗೆ ಬಂದ ಅಬ್ಬೆ ದ್ಯುಬುವಾ ಚದುರಿಹೋಗಿದ್ದ ಕ್ರೈಸ್ತ ಕುಟುಂಬಗಳನ್ನು ಒಗ್ಗೂಡಿಸಿ, ಹಾಸನ ಸೀಮೆಯ ಸಾತಳ್ಳಿಯಲ್ಲಿ ಅವರಿಗೆ ಬೇಸಾಯದ ನೆಲೆ ಕಲ್ಪಿಸಿದರು. 1823ರಲ್ಲಿ ಅವರು ಫ್ರಾನ್ಸಿಗೆ ಮರಳುವಾಗ ಭಾರತದಲ್ಲಿ ಕ್ರೈಸ್ತ ಧರ್ಮದ ಭವಿಷ್ಯದ ಬಗೆಗೆ ಅವರಿಗೆ ಯಾವ ಭರವಸೆಯೂ ಉಳಿದಿರಲಿಲ್ಲ. ಅದೇ ವರ್ಷ ಪ್ರಕಟವಾದ ಅವರ ಪತ್ರಗಳ ಸಂಪುಟದಲ್ಲಿ ಈ ನಿರಾಶೆ ದಾಖಲಾಗಿದೆ. ಆದರೆ ಅವರು ನೆಟ್ಟ ಸಾತಳ್ಳಿ ಉಳಿಯಿತು.

1850ರಲ್ಲಿ ಮೈಸೂರು ಪ್ರತ್ಯೇಕ ಪ್ರೇಷಿತ ಪ್ರಾಂತ್ಯವಾಯಿತು. ಅದರ ಮೊದಲ ಧರ್ಮಾಧ್ಯಕ್ಷರಾದ ಪ್ಯಾರಿಸ್ ವಿದೇಶಿ ಧರ್ಮಪ್ರಚಾರ ಸಂಸ್ಥೆಯ ಎಟಿಯೆನ್ ಲೂಯಿ ಶಾರ್ಬೊನೊ ಬೆಂಗಳೂರಿನಲ್ಲಿ ಮುದ್ರಣಾಲಯವನ್ನು ನಡೆಸಿ ಕನ್ನಡ ಪುಸ್ತಕಗಳನ್ನು ಅಚ್ಚುಹಾಕಿಸಿದರು. ಇಂಗ್ಲಿಷಿನ ಮಧ್ಯಸ್ಥಿಕೆಯಿಲ್ಲದೆ ಕನ್ನಡದ ಮೂಲಕವೇ ವಿದ್ಯೆ ಸಾಗಬಹುದಾಗಿದ್ದ ಒಂದು ದಾರಿ ಆಗ ಕಾಣಿಸಿಕೊಂಡಿತ್ತು.

ಅನಂತರ ಬಂದುದು 1876-78ರ ಮಹಾಕ್ಷಾಮ. 1871ರಲ್ಲಿ 50,55,412 ಇದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿಯಿತು. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ಜನಸಂಖ್ಯೆ ನೂರಕ್ಕೆ ಹದಿನೇಳರಷ್ಟು ಕುಗ್ಗಿತೆಂದರೆ ಆ ಸಾವುಗಳ ಪ್ರಮಾಣವನ್ನು ಊಹಿಸಬಹುದು. ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳು ಅನಾಥಾಲಯಗಳನ್ನು ಸೇರಿದರು. ಬೆಂಗಳೂರಿನ ಉತ್ತರಕ್ಕಿರುವ ಸಿಲ್ವೆಪುರದಂಥ ಊರುಗಳಲ್ಲಿ ಕ್ಷಾಮದ ಅನಾಥರಿಗೆ ಭೂಮಿಯನ್ನು ಕೊಟ್ಟು ನೆಲೆಗೊಳಿಸಲಾಯಿತು. 1881ರಲ್ಲಿ ಸಂಸ್ಥಾನದ ಕ್ರೈಸ್ತರು ಸುಮಾರು 29,000. ಇಪ್ಪತ್ತು ವರ್ಷಗಳಲ್ಲಿ ಅದು 50,000ಕ್ಕೆ ಏರಿತು. ಆ ಏರಿಕೆಯ ಅಂಕಿಯ ಹಿಂದೆ ವಲಸೆ, ಜನನ, ದಂಡುಪ್ರದೇಶದ ಬೆಳವಣಿಗೆ ಎಲ್ಲವೂ ಇವೆ. ಕ್ಷಾಮದಲ್ಲಿ ಉಳಿದುಕೊಂಡ ಮಕ್ಕಳೂ ಇದ್ದಾರೆ.

ಮಂಗಳೂರು: ಬೇಡಿಕೆಯಿಂದ ಹುಟ್ಟಿದ ಕಾಲೇಜು

ಕರಾವಳಿಯ ಕಥೆ ಬೇರೆ. 1784ರಲ್ಲಿ ಟಿಪ್ಪುವಿನ ಆಜ್ಞೆಯಿಂದ ಹತ್ತಾರು ಸಾವಿರ ಕಥೋಲಿಕರು ಶ್ರೀರಂಗಪಟ್ಟಣಕ್ಕೆ ಸೆರೆಯಾಳುಗಳಾಗಿ ಹೋದರು. 1799ರಲ್ಲಿ ಬದುಕುಳಿದವರು ಹಿಂದಿರುಗಿದಾಗ ಅವರ ಗುಡಿಗಳೂ ಇರಲಿಲ್ಲ, ಹೊಲಗಳೂ ಇರಲಿಲ್ಲ. ಆದರೂ ಎಂಬತ್ತು ವರ್ಷಗಳೊಳಗೆ ಅದೇ ಸಮುದಾಯ ಉನ್ನತ ಶಿಕ್ಷಣವನ್ನು ಕೇಳುವಷ್ಟು ಚೇತರಿಸಿಕೊಂಡಿತು. 1834ರಿಂದ ಮಂಗಳೂರಿನಲ್ಲಿದ್ದ ಬಾಸೆಲ್ ಮಿಶನ್ನಿನ ಶಾಲೆಗಳು ಅವರ ಕಣ್ಣೆದುರಿಗಿದ್ದವು. ಸರ್ಕಾರಿ ನೌಕರಿಗೆ ಇಂಗ್ಲಿಷ್ ಬೇಕಿತ್ತು. 1857ರಲ್ಲಿ ಆರಂಭವಾದ ಮದ್ರಾಸು ವಿಶ್ವವಿದ್ಯಾನಿಲಯದ ಪರೀಕ್ಷೆಗಳು ಆ ನೌಕರಿಯ ಹೆಬ್ಬಾಗಿಲಾಗಿದ್ದವು. ಪಟ್ಟಣದ ಅನುಕೂಲಸ್ಥ ಕಥೋಲಿಕ ಮನೆತನಗಳು ತಮಗೆ ಯೇಸುಸಭೆಯ ಗುರುಗಳನ್ನು ಕಳುಹಿಸಿಕೊಡಬೇಕೆಂದು ರೋಮಿಗೆ ಮನವಿ ಸಲ್ಲಿಸಿದವು. 1878ರ ಡಿಸೆಂಬರ್ 31ರಂದು ಆ ಗುರುಗಳು ಮಂಗಳೂರಿಗೆ ಬಂದಿಳಿದರು. 1879ರಲ್ಲಿ ಸಂತ ಜೋಸೆಫರ ಗುರುಮಠ, 1880ರ ಜನವರಿಯಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾದವು. ಒಂದೇ ವರ್ಷದ ಅಂತರದಲ್ಲಿ, ಎರಡು ಬೇರೆ ಬೇರೆ ಮನೆಗಳಲ್ಲಿ.

ಇಲ್ಲಿ ಅಮೆರಿಕದ ಮಾದರಿ ತಲೆಕೆಳಗಾಗಿರುವುದನ್ನು ಗಮನಿಸಬೇಕು. ಹಾರ್ವರ್ಡನ್ನು ಹುಟ್ಟಿಸಿದುದು ಬೋಧಕರಿಲ್ಲದೆ ಹೋದೀತೆಂಬ ಸಭೆಯ ಭಯ. ಅಲೋಶಿಯಸ್ಸನ್ನು ಹುಟ್ಟಿಸಿದುದು ಹೊಸ ಆಡಳಿತದಲ್ಲಿ ಸ್ಥಾನ ಪಡೆಯಬೇಕೆಂಬ ಗೃಹಸ್ಥರ ಆಸೆ. ಆಸೆ ತಪ್ಪಲ್ಲ, ಸೆರೆಯಿಂದ ಬರಿಗೈಯಲ್ಲಿ ಮರಳಿದವರ ಮೊಮ್ಮಕ್ಕಳಿಗೆ ಆ ಆಸೆ ಸಹಜವಾದುದು. ಅದೇ ದಾರಿಯನ್ನು ಇತರ ಸಮುದಾಯಗಳೂ ಹಿಡಿದವು. 1891ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಪ್ರೌಢಶಾಲೆಯನ್ನು ಸ್ಥಾಪಿಸಿದರು. 1921ರಲ್ಲಿ ಅಪೊಸ್ತಲಿಕ ಕಾರ್ಮೆಲ್ ಭಗಿನಿಯರು ಸಂತ ಆಗ್ನೆಸ್ ಕಾಲೇಜನ್ನು ತೆರೆದು ಹೆಣ್ಣುಮಕ್ಕಳಿಗೂ ಪದವಿ ಶಿಕ್ಷಣದ ಅವಕಾಶ ಮಾಡಿಕೊಟ್ಟರು. ಅಲೋಶಿಯಸ್ಸಿಗೂ ಇದಕ್ಕೂ ನಡುವೆ ನಾಲ್ಕು ದಶಕಗಳೇ ಕಳೆದಿದ್ದವು. ಆದರೆ ಕಥೋಲಿಕರ ಒಳಗೇ ಉಳಿದುಬಂದಿದ್ದ ಜಾತಿಯ ಅಂತರ, ಒಡೆಯ-ಒಕ್ಕಲು ಎಂಬ ಅಂತರ ಕಾಲೇಜಿನ ಮೆಟ್ಟಿಲಿನ ಮುಂದೆ ಕರಗಿಹೋಗಲಿಲ್ಲ. ಜನಗಣತಿಯ 84,103 ಎಂಬ ಅಂಕಿಯೊಳಗೆ ಮನವಿಗೆ ರುಜು ಹಾಕಿದವರೂ ಇದ್ದರು, ರುಜು ಹಾಕಲು ಬಾರದವರೂ ಇದ್ದರು.

ಬೆಂಗಳೂರು: ಒಂದೇ ದಶಕ, ಎರಡು ಲೋಕ

ಬೆಂಗಳೂರಿನಲ್ಲಿ ಉನ್ನತ ಶಿಕ್ಷಣಕ್ಕೆ ಮೊದಲು ಕೈಹಾಕಿದುದು ಸರ್ಕಾರ. ಆದರೆ ಅದಕ್ಕೆ ದೊರೆತ ಕೈ ಒಬ್ಬ ಮಿಶನರಿಯದು. 1858ರಲ್ಲಿ ಪ್ರೌಢಶಾಲೆಯಾಗಿ ತೆರೆದು 1875ರಲ್ಲಿ ಸೆಂಟ್ರಲ್ ಕಾಲೇಜೆಂದು ಹೆಸರಾದ ಸಂಸ್ಥೆಯ ಮೊದಲ ಮುಖ್ಯಸ್ಥರು ರೆವರೆಂಡ್ ಜಾನ್ ಗ್ಯಾರೆಟ್. ವೆಸ್ಲಿಯನ್ ಮಿಶನ್ನಿನಿಂದ ಬಂದ ಈತ 1849ರಲ್ಲಿ ಬೆಂಗಳೂರಿನಲ್ಲಿ ಭಗವದ್ಗೀತೆಯನ್ನು ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರರಲ್ಲೂ ಅಚ್ಚುಹಾಕಿಸಿದವರು. 1882ರಲ್ಲಿ ಪ್ಯಾರಿಸ್ ಸಂಸ್ಥೆಯ ಗುರುಗಳು ಸಂತ ಜೋಸೆಫರ ಕಾಲೇಜನ್ನು ಸ್ಥಾಪಿಸಿದರು. 1937ರಲ್ಲಿ ಅದು ಯೇಸುಸಭೆಯ ಕೈಸೇರಿತು. ದಂಡುಪ್ರದೇಶದ ಮಕ್ಕಳಿಗೂ ನಗರದ ಎಲ್ಲ ಮತಗಳ ತರುಣರಿಗೂ ಅದು ಆಸರೆಯಾಯಿತು.

1882 ಎಂಬ ವರ್ಷದ ಮೇಲೆ ನಾವು ಕೊಂಚ ಹೊತ್ತು ನಿಲ್ಲೋಣ. ಕ್ಷಾಮ ಮುಗಿದು ನಾಲ್ಕೇ ವರ್ಷ. ಒಂದೇ ಮಿಶನ್, ಒಂದೇ ಸಂಸ್ಥೆಯ ಗುರುಗಳು. ಒಂದೆಡೆ ಸಿಲ್ವೆಪುರದಲ್ಲಿ ಅನಾಥ ಮಕ್ಕಳು ನೇಗಿಲು ಹಿಡಿಯಲು ಕಲಿಯುತ್ತಿದ್ದರು. ಮತ್ತೊಂದೆಡೆ ದಂಡುಪ್ರದೇಶದಲ್ಲಿ ಕಾಲೇಜಿನ ತರಗತಿಗಳು ಆರಂಭವಾಗುತ್ತಿದ್ದವು. ಎರಡೂ ಪ್ರೀತಿಯ ಕಾರ್ಯಗಳೇ. ಹಸಿದವನಿಗೆ ಅನ್ನ ಕೊಟ್ಟವರನ್ನು ಪುಸ್ತಕ ಕೊಡಲಿಲ್ಲವೆಂದು ದೂರುವ ಹಕ್ಕು ಸುಖದಲ್ಲಿ ಕುಳಿತ ನಮಗಿಲ್ಲ. ಆದರೆ ಆ ಹೊಲದಿಂದ ಈ ತರಗತಿಗೆ ಒಂದು ದಾರಿ ಬೇಕಿತ್ತು. ಊರಿನ ಶಾಲೆ, ಅಲ್ಲಿಂದ ಪ್ರೌಢಶಾಲೆ, ವಸತಿ, ಶುಲ್ಕ, ಎಲ್ಲಕ್ಕಿಂತ ಮೊದಲು ಇಂಗ್ಲಿಷ್: ಈ ಮೆಟ್ಟಿಲುಗಳನ್ನೆಲ್ಲ ಹತ್ತಿದ ಮೇಲೆ ಕಾಲೇಜಿನ ಬಾಗಿಲು. ಎರಡು ತುದಿಗಳನ್ನು ಕಟ್ಟಿದಷ್ಟು ಶ್ರದ್ಧೆ ನಡುವಿನ ಮೆಟ್ಟಿಲುಗಳಿಗೆ ಸಲ್ಲಲಿಲ್ಲ.

ಭಾಷೆಯ ಪ್ರಶ್ನೆ

ಈ ಕಂದಕಕ್ಕೆ ಭಾಷೆಯೂ ಕಾರಣವಾಯಿತು. 1844ರ ಪಾಂಡಿಚೇರಿ ಸಿನೊಡ್ ಸ್ಥಳೀಯ ಯಾಜಕರ ಶಿಕ್ಷಣವನ್ನು ಮುಖ್ಯ ವಿಷಯವಾಗಿ ಚರ್ಚಿಸಿತು; ಮರುವರ್ಷ ರೋಮಿನಿಂದ ಬಂದ ನಿರ್ದೇಶನ ಅದನ್ನೇ ಒತ್ತಿಹೇಳಿತು. 1778ರಲ್ಲಿ ಪಾಂಡಿಚೇರಿಯಲ್ಲಿ ಆರಂಭವಾಗಿದ್ದ ಗುರುಮಠವೇ 1934ರಲ್ಲಿ ಬೆಂಗಳೂರಿನ ಮಲ್ಲೇಶ್ವರಕ್ಕೆ ಬಂದು ಸಂತ ಪೇತ್ರರ ಗುರುಮಠವಾಗಿ ನೆಲೆಸಿತು. 1898ರ ಪ್ಲೇಗಿನ ಬಳಿಕ ಬೆಳೆದ ಈ ಬಡಾವಣೆಯ ಬೀದಿಗಳಲ್ಲಿ ಕನ್ನಡ ವಿದ್ವತ್ತು ಮನೆಮಾಡಿಕೊಂಡಿತ್ತು. ಗುರುಮಠದ ಗೋಡೆಯೊಳಗೆ ದೈವಶಾಸ್ತ್ರ ಲ್ಯಾಟಿನ್ನಿನಲ್ಲಿ ಸಾಗುತ್ತಿತ್ತು. ಕಾಲೇಜಿನ ಜ್ಞಾನ ಇಂಗ್ಲಿಷಿನದು, ಗುರುಮಠದ ಜ್ಞಾನ ಲ್ಯಾಟಿನ್ನಿನದು. ಸಾತಳ್ಳಿಯ ಒಕ್ಕಲಿನ ಮಗ ಈ ಎರಡರಲ್ಲಿ ಯಾವುದಕ್ಕೆ ಹೋದರೂ ತನ್ನ ಮಾತನ್ನು ಹೊರಬಾಗಿಲಲ್ಲಿ ಬಿಟ್ಟುಹೋಗಬೇಕಾಗಿತ್ತು.

ಬೇರೊಂದು ದಾರಿ ಸಾಧ್ಯವಿತ್ತೆಂಬುದಕ್ಕೆ ಸಾಕ್ಷಿ ನಮ್ಮ ಪ್ರಾಟೆಸ್ಟೆಂಟ್ ಸೋದರರಲ್ಲಿದೆ. ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಉಪದೇಶಿಗಳನ್ನೂ ಸಭಾಪಾಲಕರನ್ನೂ ಕನ್ನಡದಲ್ಲಿ ತರಬೇತುಗೊಳಿಸಿತು. 1843ರಲ್ಲಿ ಮೋಗ್ಲಿಂಗರು ಹೊರಡಿಸಿದ ‘ಮಂಗಳೂರ ಸಮಾಚಾರ’, 1894ರಲ್ಲಿ ಪ್ರಕಟವಾದ ಕಿಟ್ಟೆಲರ ನಿಘಂಟು ಆ ವಾತಾವರಣದ ಫಲಗಳು. ಅಲ್ಲಿ ದೈವಶಾಸ್ತ್ರ ಕಲಿತ ಉತ್ತಂಗಿ ಚೆನ್ನಪ್ಪನವರು ಊರೂರು ಅಲೆದು ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದರು. 1949ರಲ್ಲಿ ಕಲಬುರ್ಗಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಕಾಲೇಜು ಪದವಿಗಿಂತ ಕಿರಿದೆಂದು ಎಣಿಸಲಾಗುತ್ತಿದ್ದ ಒಂದು ಸಾಮಾನ್ಯ ಸಭಾಶಾಲೆ ಕನ್ನಡ ನಾಡಿಗೆ ಇಂಥ ಒಬ್ಬ ವಿದ್ವಾಂಸನನ್ನು ಕೊಟ್ಟಿತು. ಜನಭಾಷೆಯಲ್ಲಿ ಬೇರೂರಿದ ದೈವಶಾಸ್ತ್ರ ಸಭೆಗೆ ಮಾತ್ರವಲ್ಲ, ನಾಡಿಗೂ ಫಲ ಕೊಡುತ್ತದೆ ಎಂಬುದು ಇದರಿಂದ ಸ್ಪಷ್ಟ.

ಎಣಿಕೆ ಮತ್ತು ನ್ಯಾಯ

20ನೆಯ ಶತಮಾನದ ಆರಂಭದಲ್ಲಿ ಜನಸಂಖ್ಯೆಗೂ ಶಿಕ್ಷಣಕ್ಕೂ ಇರುವ ಸಂಬಂಧ ಮೈಸೂರಿನಲ್ಲಿ ರಾಜ್ಯದ ಪ್ರಶ್ನೆಯೇ ಆಯಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. 1918ರಲ್ಲಿ ಮಹಾರಾಜರ ಸರ್ಕಾರ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. 1919ರಲ್ಲಿ ಅದು ವರದಿ ಕೊಟ್ಟಿತು. ಒಂದು ಸಮುದಾಯ ಜನಸಂಖ್ಯೆಯಲ್ಲಿ ಎಷ್ಟು ಪಾಲಿದೆ, ವಿದ್ಯೆಯಲ್ಲೂ ಅಧಿಕಾರದಲ್ಲೂ ಎಷ್ಟು ಪಾಲು ಪಡೆದಿದೆ ಎಂದು ಕೇಳುವ ರೂಢಿ ಅಲ್ಲಿಂದ ಬಲವಾಯಿತು. ನಾಡು ತನ್ನನ್ನು ಹೀಗೆ ಪರೀಕ್ಷಿಸಿಕೊಳ್ಳುತ್ತಿದ್ದಾಗ ಸಭೆಯೂ ಅದೇ ಪ್ರಶ್ನೆಯನ್ನು ತನಗೆ ಹಾಕಿಕೊಳ್ಳಬೇಕಾಗಿತ್ತು. ನಮ್ಮ ನೂರರಲ್ಲಿ ಹಳ್ಳಿಯವರೆಷ್ಟು, ದಲಿತರೆಷ್ಟು, ಹೆಣ್ಣುಮಕ್ಕಳೆಷ್ಟು? ನಮ್ಮ ಕಾಲೇಜುಗಳಲ್ಲಿ ಅವರೆಷ್ಟು?

ಸ್ವಾತಂತ್ರ್ಯದ ಬಳಿಕ ಈ ಪ್ರಶ್ನೆ ಇನ್ನಷ್ಟು ತೀಕ್ಷ್ಣವಾಯಿತು. 1950ರ ರಾಷ್ಟ್ರಪತಿಗಳ ಆದೇಶ ಪರಿಶಿಷ್ಟ ಜಾತಿಯ ಸ್ಥಾನಮಾನವನ್ನು ಮತಕ್ಕೆ ಗಂಟುಹಾಕಿದ ಕಾರಣ ದಲಿತ ಕ್ರೈಸ್ತರು ಅದರಿಂದ ಹೊರಗುಳಿದರು. ಅಂಥ ಹುಡುಗನಿಗೆ ಸರ್ಕಾರದ ಆ ಬಾಗಿಲು ಮುಚ್ಚಿದಾಗ ಉಳಿದದ್ದು ಸಭೆಯ ಬಾಗಿಲು. ಅದು ತೆರೆದಿದೆಯೇ ಎಂಬುದಷ್ಟೇ ಪ್ರಶ್ನೆಯಲ್ಲ. ಅದರ ಮುಂದಿನ ಮೆಟ್ಟಿಲುಗಳು ಅವನ ಕಾಲಿಗೆ ಎಟಕುತ್ತವೆಯೇ ಎಂಬುದೂ ಪ್ರಶ್ನೆ.

ಇಲ್ಲಿ ಒಂದು ತಪ್ಪು ಗ್ರಹಿಕೆಗೆ ಎಡೆಗೊಡಬಾರದು. ನಮ್ಮ ಕಾಲೇಜುಗಳಲ್ಲಿ ಇತರ ಧರ್ಮದ ವಿದ್ಯಾರ್ಥಿಗಳೇ ಬಹುಸಂಖ್ಯಾತರೆಂಬುದು ಕೊರತೆಯಲ್ಲ, ವರವೇ ಸರಿ. ನೂರಕ್ಕೆ ಒಬ್ಬರಿರುವ ಸಭೆ ನೂರು ಜನರಿಗೂ ದೀಪವಾಗುವುದು ಶುಭಸಂದೇಶಕ್ಕೆ ಒಪ್ಪುವ ಮಾತು. 1965ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ಕ್ರೈಸ್ತ ಶಿಕ್ಷಣವನ್ನು ಕುರಿತು ಹೊರಡಿಸಿದ ಘೋಷಣೆ, ಬಡವರನ್ನೂ ಕುಟುಂಬದ ಆಸರೆಯಿಲ್ಲದವರನ್ನೂ ವಿಶ್ವಾಸದ ವರವಿಲ್ಲದವರನ್ನೂ ಒಂದೇ ಉಸಿರಿನಲ್ಲಿ ನೆನೆಯುತ್ತದೆ. ನಾವು ಮೂರನೆಯವರನ್ನು ಸ್ವಾಗತಿಸಲು ಚೆನ್ನಾಗಿ ಕಲಿತಿದ್ದೇವೆ. ಮೊದಲಿನ ಇಬ್ಬರು, ಅವರು ಯಾವ ಧರ್ಮದವರೇ ಆಗಿರಲಿ, ನಮ್ಮ ಪ್ರವೇಶ ಪಟ್ಟಿಯಲ್ಲಿ ಎಲ್ಲಿದ್ದಾರೆ ಎಂದು ನೋಡಿಕೊಳ್ಳುವುದು ಬಾಕಿಯಿದೆ.

ಪವಿತ್ರ ಗ್ರಂಥದಲ್ಲಿ ಎರಡು ಬಗೆಯ ಎಣಿಕೆಗಳಿವೆ. ಅರಸ ದಾವೀದನು ತನ್ನ ಬಲವನ್ನು ಅಳೆಯಲು ಜನರನ್ನು ಎಣಿಸಿದನು. ಸಮುವೇಲನ ಎರಡನೆಯ ಗ್ರಂಥ ಅದನ್ನು ಪಾಪವೆಂದು ದಾಖಲಿಸುತ್ತದೆ. ಲೂಕನ ಶುಭಸಂದೇಶದ ಕುರುಬನೂ ಎಣಿಸುತ್ತಾನೆ. ತೊಂಬತ್ತೊಂಬತ್ತಕ್ಕೆ ನಿಂತ ಎಣಿಕೆ ಅವನನ್ನು ಅಡವಿಗೆ ಕಳುಹಿಸುತ್ತದೆ. ಮೊದಲನೆಯ ಎಣಿಕೆ ಇದ್ದವರನ್ನು ಕಂಡು ಬೀಗುತ್ತದೆ, ಎರಡನೆಯದು ಇಲ್ಲದವರನ್ನು ಹುಡುಕುತ್ತದೆ. ನಮ್ಮ ವಿದ್ಯಾಸಂಸ್ಥೆಗಳ ವಾರ್ಷಿಕ ವರದಿಗಳು ತೇರ್ಗಡೆಯಾದವರ ಸಂಖ್ಯೆಯನ್ನು ತಪ್ಪದೆ ಕೊಡುತ್ತವೆ. ಮನೆಯಲ್ಲಿ ಮೊದಲಿಗರಾಗಿ ಕಾಲೇಜು ಹತ್ತಿದವರೆಷ್ಟು, ಹಳ್ಳಿಯ ಧರ್ಮಕೇಂದ್ರಗಳಿಂದ ಬಂದವರೆಷ್ಟು, ಕನ್ನಡ ಶಾಲೆಯಿಂದ ಬಂದು ನಡುವೆ ಬಿಟ್ಟುಹೋದವರೆಷ್ಟು ಎಂಬ ಮೂರು ಸಾಲುಗಳನ್ನೂ ಅವು ಸೇರಿಸಿಕೊಂಡರೆ ಆ ವರದಿ ಕುರುಬನ ಲೆಕ್ಕವಾದೀತು. ಗುರುಮಠಗಳಲ್ಲಿ ಕಲಿಸುವ ನಾವೂ ನಮ್ಮ ಪಾಲಿನ ಲೆಕ್ಕ ಒಪ್ಪಿಸಬೇಕು: ನಾವು ಬೋಧಿಸುವ ದೈವಶಾಸ್ತ್ರದಲ್ಲಿ ಎಷ್ಟು ಪಾಠವನ್ನು ನಮ್ಮ ವಿದ್ಯಾರ್ಥಿ ಮುಂದೊಂದು ದಿನ ಸಿಲ್ವೆಪುರದ ಅಥವಾ ಸಾತಳ್ಳಿಯ ಗುಡಿಯಲ್ಲಿ ನಿಂತು ಅಲ್ಲಿನವರ ಮಾತಿನಲ್ಲಿ ಹೇಳಬಲ್ಲನು?

1882ರಲ್ಲಿ ನಮ್ಮ ಹಿರಿಯರು ಎರಡು ತುದಿಗಳನ್ನು ಕಟ್ಟಿಕೊಟ್ಟರು. ಅವರಿಗೆ ನಾವು ಋಣಿಗಳು. ನಡುವಿನ ದಾರಿಯನ್ನು ಹಾಕುವ ಕೆಲಸ ನಮ್ಮ ಪಾಲಿಗೆ ಉಳಿದಿದೆ.